ಹುಳಿ ಕೋಣೆಯಲ್ಲಿ ಒಂದು ಏಪ್ರನ್ ಹೆಚ್ಚು

"ಕೈ ತೆಗೀರಿ!"

ಆ ಕೂಗಿಗೆ ಪತ್ತೇದಾರನ ಅತ್ತಿಗೆಯ ಬೆರಳು ಗಾಳಿಯಲ್ಲೇ ನಿಂತಿತು. ನೆಲದ ಮೇಲೆ ಚೆಲ್ಲಿದ್ದ ಬಿಳಿ ಪುಡಿಗೂ ಆ ಬೆರಳಿಗೂ ಕೂದಲೆಳೆಯಷ್ಟೇ ಅಂತರ. ಮುಟ್ಟಿದ ಬೆರಳು ಅಲ್ಲಿಂದ ನೇರವಾಗಿ ನಾಲಿಗೆಗೆ ಹೋಗುವುದರಲ್ಲಿತ್ತು. ಹೊಲಿಗೆಯಂಗಡಿ ನಡೆಸುವ ಅತ್ತಿಗೆಗೆ ಬಟ್ಟೆಯನ್ನು ಬೆರಳಿನಿಂದಲೂ ಮಿಕ್ಕದ್ದನ್ನೆಲ್ಲ ನಾಲಿಗೆಯಿಂದಲೂ ಪರೀಕ್ಷೆ ಮಾಡಿಯೇ ಅಭ್ಯಾಸ.

"ಮಿಠಾಯಿಗೆ ಹಾಕೋದೇ ತಾನೇ ಇದು? ಮಕ್ಕಳು ತಿಂತಾರೆ, ನಾನು ತಿಂದ್ರೆ ಏನಂತೆ?" ಎಂದಳು ಅತ್ತಿಗೆ, ಸೊಂಟದ ಮೇಲೆ ಕೈಯಿಟ್ಟು.

"ಮಕ್ಕಳು ಚಿಟಿಕೆಯಷ್ಟನ್ನ ಸಕ್ಕರೆ ಜೊತೆ ತಿಂತಾರಮ್ಮ. ಇಲ್ಲಿ ಮೂಟೆಗಟ್ಟಲೆ ಇದೆ. ತಿನ್ನೋ ಪದಾರ್ಥ ಅಂತ ಸದರ ಕೊಟ್ರೆ ತಲೆ ಮೇಲೆ ಹತ್ತಿ ಕೂರುತ್ತೆ. ನಿಮ್ಮ ಕೈ ಬೆವರಿದೆ. ಬೆವರಿದ ಚರ್ಮಕ್ಕೆ ಇದು ತಾಗಿದ್ರೆ ಉರಿ. ಅದೇ ಬೆರಳಲ್ಲಿ ಕಣ್ಣು ಉಜ್ಜಿದ್ರೋ, ಕಾಲು ಗಂಟೆ ನಲ್ಲಿ ಕೆಳಗೆ ಕಣ್ಣು ಬಿಟ್ಕೊಂಡು ನಿಂತಿರಬೇಕಾಗುತ್ತೆ. ಮೊದಲು ಏಪ್ರನ್, ಕನ್ನಡಕ, ಮಾಸ್ಕ್, ಕೈಗವಸು. ಮಾತು ಆಮೇಲೆ."

ಹಾಗೆಂದವಳು ಹುಳಿಯಕ್ಕ. ಗೇಟಿನವನಿಂದ ಹಿಡಿದು ಯಜಮಾನರವರೆಗೆ ಎಲ್ಲರಿಗೂ ಅವಳು ಹುಳಿಯಕ್ಕನೇ. ಬಾಯಿಗೆ ಹಾಕಿದೊಡನೆ ಚುಮುಚುಮು ಎಂದು ನೊರೆಯೇಳುವ ಹುಳಿ ಮಿಠಾಯಿ ಈ ಕಾರ್ಖಾನೆಯದು. ಅದರ ಹುಳಿಗೆ ಬೇಕಾದ ಸಿಟ್ರಿಕ್ ಆಸಿಡ್ ಪುಡಿ ಪೂರ್ತಿಯಾಗಿ ಅವಳ ಸುಪರ್ದಿ. ರಸಾಯನಶಾಸ್ತ್ರದಲ್ಲಿ ಪದವಿ ಮಾಡಿದವಳು, ಅದನ್ನು ಹೇಳಿಕೊಳ್ಳಲು ಸಂಕೋಚಪಡುವವಳೂ ಅಲ್ಲ. ತನ್ನಷ್ಟು ಚೆನ್ನಾಗಿ ಈ ಕೋಣೆಯನ್ನು ಯಾರೂ ನೋಡಿಕೊಳ್ಳಲಾರರು ಎಂದು ಅವಳೇ ಬೆಳಿಗ್ಗೆಯಿಂದ ಎರಡು ಸಲ ಹೇಳಿದ್ದಳು. ಎರಡು ಸಲವೂ ಪತ್ತೇದಾರನಿಗೆ ಅದು ಜಂಬ ಎನ್ನಿಸಲಿಲ್ಲ.

ಅಂಥ ಕೋಣೆಯಲ್ಲೇ ಇವತ್ತು ಬೆಳಿಗ್ಗೆ ಯಜಮಾನರು ಪ್ರಜ್ಞೆ ತಪ್ಪಿ ಬಿದ್ದಿದ್ದರು.

ಇನ್ಸ್‌ಪೆಕ್ಟರ್ ಹೊಸ್ತಿಲಾಚೆ ನಿಂತು ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದ. ಒಳಗೆ ಬರುವ ಧೈರ್ಯವಿಲ್ಲ, ಬಿಟ್ಟುಹೋಗುವ ಮನಸ್ಸೂ ಇಲ್ಲ. ಅವನ ಲೆಕ್ಕ ಬಲು ಸಲೀಸು: ಚೀಲ ಹರಿದಿದೆ, ಪುಡಿ ಹಾರಿದೆ, ಯಜಮಾನರ ಎದೆಗೆ ಹೋಗಿದೆ. ಕೋಣೆ ಹುಳಿಯಕ್ಕನದು, ತಪ್ಪೂ ಅವಳದೇ. ಆಸ್ಪತ್ರೆಯ ಡಾಕ್ಟರು ಯಜಮಾನರ ಜೀವಕ್ಕೆ ಅಪಾಯವಿಲ್ಲ, ಸಂಜೆಯ ಹೊತ್ತಿಗೆ ಮಾತಾಡಬಹುದು ಎಂದಿದ್ದರಿಂದ ಮಾತ್ರ ಅವನು ತಡೆದಿದ್ದ.

"ಅವರು ಮಾತಾಡಿದ ತಕ್ಷಣ ಈಯಮ್ಮನ್ನ ಕರ್ಕೊಂಡು ಹೋಗ್ತೀನಿ. ಅಲ್ಲೀವರೆಗೂ ನಿಮ್ಮ ಪತ್ತೇದಾರಿಕೆ ನಡೀಲಿ" ಎಂದ, ದೊಡ್ಡ ಉಪಕಾರ ಮಾಡಿದವನ ಹಾಗೆ.

ಹುಳಿಯಕ್ಕ ಅವನತ್ತ ತಿರುಗಿಯೂ ನೋಡಲಿಲ್ಲ. ಅತ್ತಿಗೆಗೆ ಕನ್ನಡಕ ಹಾಕಿ, ಕಿವಿಯ ಹಿಂದೆ ಪಟ್ಟಿ ಬಿಗಿಮಾಡಿ, ಮಾಸ್ಕನ್ನು ಮೂಗಿನ ಮೇಲೆ ಒತ್ತಿ, ಶಾಲೆಗೆ ಹೊರಟ ಮಗುವನ್ನು ನೋಡುವಂತೆ ಮೇಲಿಂದ ಕೆಳಗೆ ನೋಡಿದಳು. "ಫೋನು ಹೊರಗಿನ ತಟ್ಟೆಯಲ್ಲಿಡಿ. ಇಬ್ಬರೂ."

"ಫೋನು ಏನು ಮಾಡುತ್ತೆ?" ಎಂದ ಪತ್ತೇದಾರ.

"ಪುಡಿ ಗಾಳಿಯಲ್ಲಿ ದಟ್ಟವಾಗಿ ಎದ್ದಾಗ ಒಂದು ಕಿಡಿ ಸಾಕು, ಸರ್. ಕೋಣೆ ಕೋಣೇನೇ ಭಗ್ ಅನ್ನುತ್ತೆ. ಸಕ್ಕರೆ, ಹಿಟ್ಟು, ಇದು, ಎಲ್ಲದರದ್ದೂ ಅದೇ ಗುಣ. ಅದಕ್ಕೇ ಇಲ್ಲಿ ಪೊರಕೆ ಹಾಕಲ್ಲ, ಗಾಳಿ ಊದಲ್ಲ. ಮೆತ್ತಗೆ ಹೀರಿಕೊಳ್ಳೋ ಮೆಷಿನ್ನು ಇದೆ, ಅದರಲ್ಲೇ ತೆಗೀತೀವಿ. ಆ ಪೀಪಾಯಿಗಳಿಗೆಲ್ಲ ತಂತಿ ಕಟ್ಟಿದೆ ನೋಡಿ. ನೆಲಕ್ಕೆ ಹೋಗಿದೆ. ಪುಡಿ ಸುರಿಯೋವಾಗ ಹುಟ್ಟೋ ಕರೆಂಟು ಅದರಲ್ಲಿ ಇಳಿದು ಹೋಗುತ್ತೆ."

ಪತ್ತೇದಾರ ಫೋನನ್ನು ಮರುಮಾತಿಲ್ಲದೆ ತಟ್ಟೆಯಲ್ಲಿಟ್ಟ. ಕೆಲಸ ಬಲ್ಲವರನ್ನು ಕಂಡರೆ ಅವನಿಗೆ ಮೊದಲಿಂದಲೂ ಒಂದು ಬಗೆಯ ಮೋಹ. ಅದು ಅವನ ವೃತ್ತಿಗೆ ಒಳ್ಳೆಯದಲ್ಲ ಎಂದು ಅತ್ತಿಗೆ ಆಗಾಗ ಚುಚ್ಚುತ್ತಿದ್ದಳು. ಈಗಲೂ ಮಾಸ್ಕಿನೊಳಗಿಂದ ಒಂದು ಗುಟುರು ಕೇಳಿಸಿತು.

ಕೋಣೆ ದೊಡ್ಡದೇನಲ್ಲ. ಗೋಡೆಗುಂಟ ಹಲಗೆಗಳ ಮೇಲೆ, ನೆಲದ ತೇವ ತಾಗದಂತೆ ಎತ್ತರಿಸಿಟ್ಟ ಚೀಲಗಳು. ಒಂದರ ಬಾಯಿಯೂ ಸಡಿಲವಾಗಿಲ್ಲ. ನಡುವೆ, ಮೂರು ಮೆಟ್ಟಿಲು ಕೆಳಗೆ ತೂಕದ ಹಳ್ಳ. ದೊಡ್ಡ ತಕ್ಕಡಿಯ ಹಲಗೆ ಅಲ್ಲಿದೆ. ಹಳ್ಳದ ಅಂಚಿನ ಗೋಡೆಯಲ್ಲಿ, ಮೊಣಕಾಲಿನ ಎತ್ತರಕ್ಕೆ ಗಾಳಿ ಹೊರಗೆಳೆಯುವ ಫ್ಯಾನು. ಬೆಳಿಗ್ಗೆ ಹಮಾಲರು ಯಜಮಾನರನ್ನು ಎತ್ತಿಕೊಂಡು ಹೋಗುವಾಗ ಹಾಕಿದ್ದು, ಇನ್ನೂ ತಿರುಗುತ್ತಲೇ ಇತ್ತು.

ಚೀಲವೊಂದು ಹಳ್ಳದ ಪಕ್ಕದಲ್ಲಿ ಹೊಟ್ಟೆ ಬಿರಿದು ಬಿದ್ದಿತ್ತು. ಬಿಳಿ ಪುಡಿ ಮೆಟ್ಟಿಲ ಮೇಲೆಲ್ಲ ಹರಡಿತ್ತು.

"ಈ ಧೂಳು ಕುಡಿದ್ರೆ ಮನುಷ್ಯ ಬೀಳ್ತಾನಾ, ಅಕ್ಕ?" ಎಂದು ಪತ್ತೇದಾರ ಕೇಳಿದ.

"ಕೆಮ್ತಾನೆ. ಸೀನ್ತಾನೆ. ಕಣ್ಣು ಮೂಗು ಎರಡರಲ್ಲೂ ನೀರು. ಆಸ್ತಮಾ ಇದ್ರೆ ಇನ್ನೂ ಕಷ್ಟ. ಆದ್ರೆ ಆ ಉರಿ ತಡೆಯೋಕಾಗ್ದೆ ಆಚೆಗೆ ಓಡ್ತಾನೆ ಸರ್, ಒಳಗೆ ಮಲಗಲ್ಲ. ನಿಮ್ಮ ಇನ್ಸ್‌ಪೆಕ್ಟರ್ರನ್ನೇ ನೋಡಿ. ಹೊಸ್ತಿಲು ದಾಟೋಕೆ ಮೊದಲೇ ಓಡೋ ಹಾಗಿದ್ದಾರೆ."

ಹೊರಗಿನಿಂದ ಸರಿಯಾಗಿ ಅದೇ ಹೊತ್ತಿಗೆ ಒಂದು ಸೀನು ಬಂತು. ಅತ್ತಿಗೆ ಮಾಸ್ಕಿನೊಳಗೇ ಕಿಸಕ್ಕೆಂದಳು.

ಹುಳಿಯಕ್ಕ ಕಿಡಿ ಹಾರದಂತೆ ಮುಚ್ಚಿದ ಟಾರ್ಚು ಹಚ್ಚಿ ಹಳ್ಳದೊಳಕ್ಕೆ ಬೆಳಕು ಬಿಟ್ಟಳು. ಪೊಲೀಸರ ಬೀಗದಿಂದಾಗಿ ಬೆಳಿಗ್ಗೆಯಿಂದ ಅವಳಿಗೆ ಒಳಗೆ ಪ್ರವೇಶವಿರಲಿಲ್ಲ. ಬೆಳಕು ಹಳ್ಳದ ಮೂಲೆಯಲ್ಲಿದ್ದ ನೀಲಿ ಪೀಪಾಯಿಯ ಬುಡಕ್ಕೆ ಬಂದು ನಿಂತಿತು. ಅಲ್ಲಿಂದ ಕದಲಲಿಲ್ಲ.

"ನೀರು" ಎಂದಳು.

ಆ ಒಂದು ಮಾತನ್ನು ಅವಳು ಹೇಳಿದ ರೀತಿಗೆ ಪತ್ತೇದಾರ ಬೆಚ್ಚಿಬಿದ್ದ. ತನ್ನನ್ನು ಜೈಲಿಗೆ ಹಾಕುವ ಮಾತು ಕೇಳಿದಾಗಲೂ ಅವಳ ದನಿ ಇಷ್ಟು ನಡುಗಿರಲಿಲ್ಲ.

"ಎಲ್ಲಿ ನೀರು? ಎಲ್ಲಾ ಒಣಗೇ ಇದೆಯಲ್ಲ?" ಎಂದಳು ಅತ್ತಿಗೆ.

"ಪೀಪಾಯಿ ಸುತ್ತ ನೋಡಿ. ಪುಡಿ ಬಳೆ ಹಾಗೆ ಗಟ್ಟಿಯಾಗಿ ಕಟ್ಟಿಕೊಂಡಿದೆ. ತೇವ ಇಲ್ದೆ ಹಾಗಾಗಲ್ಲ. ನನ್ನ ಕೋಣೆಗೆ ಯಾರೋ ನೀರು ತಂದಿದ್ದಾರೆ." ಟಾರ್ಚನ್ನು ಪೀಪಾಯಿಯ ಮೈಮೇಲೆ ಮೇಲಕ್ಕೂ ಕೆಳಕ್ಕೂ ಆಡಿಸಿದಳು. "ಚೆಲ್ಲಿದ ನೀರಲ್ಲ. ಚೆಲ್ಲಿದ್ರೆ ಒಂದು ಕಡೆ ಹರೀತಿತ್ತು. ಇದು ಸುತ್ತ ಒಂದೇ ಸಮ ಇಳಿದಿದೆ. ಪೀಪಾಯಿ ಮೈ ಬೆವರಿದೆ. ಒಳಗೆ ಏನೋ ತಣ್ಣಗಾಗಿದೆ. ವಿಪರೀತ ತಣ್ಣಗೆ."

"ಅಂದ್ರೆ?"

"ಕೆಳಗೆ ಇಳೀಬೇಡಿ, ಸರ್. ಇನ್ನೂ ಗಾಳಿ ಕೆಟ್ಟಿರಬಹುದು."

ಗಾಳಿ ಕೆಟ್ಟಿದೆಯೇ ನೋಡುವ ಉಪಾಯ ಪತ್ತೇದಾರನಿಗೂ ಗೊತ್ತಿತ್ತು: ಕೆಟ್ಟ ಗಾಳಿಯಲ್ಲಿ ಬೆಂಕಿ ಆರುತ್ತದೆ. ಹಳೇ ಬಾವಿಯ ಕೇಸೊಂದರಲ್ಲಿ ಅದರಿಂದಲೇ ಹೆಸರು ಗಳಿಸಿದ್ದವನು. ಹೆಮ್ಮೆಯಿಂದಲೇ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಕಡ್ಡಿ ಎಳೆದ. ಗೀರುವ ಮೊದಲೇ ಪೊಟ್ಟಣ ಅವನ ಕೈಯಲ್ಲಿರಲಿಲ್ಲ. ಹುಳಿಯಕ್ಕ ಕಿತ್ತುಕೊಂಡು ಹೊಸ್ತಿಲಾಚೆ ಎಸೆದಿದ್ದಳು. ಅದು ಇನ್ಸ್‌ಪೆಕ್ಟರನ ಬೂಟಿನ ಮೇಲೆ ಬಿತ್ತು.

"ಕಿಡಿ ಬಗ್ಗೆ ಈಗ ತಾನೇ ಹೇಳಿದೆನಲ್ಲ!"

ಪತ್ತೇದಾರನ ಮುಖ ಇಂಗು ತಿಂದ ಮಂಗನಂತಾಯಿತು. ಅತ್ತಿಗೆ ಖುಷಿಯನ್ನು ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ. "ಬೆಂಕಿಪೊಟ್ಟಣ ಜೇಬಲ್ಲಿಟ್ಕೊಂಡು ಬಂದಿದ್ದೀಯಲ್ಲೋ! ಫೋನು ಬಿಟ್ಟು ಬಾ ಅಂದಾಗ ತಲೆ ಎಲ್ಲಿತ್ತಪ್ಪಾ?"

ಹುಳಿಯಕ್ಕ ಸೊಂಟಕ್ಕೆ ಹಗ್ಗ ಬಿಗಿದುಕೊಂಡಳು. ಇನ್ನೊಂದು ತುದಿಯನ್ನು ಅತ್ತಿಗೆಯ ಕೈಗೆ ಕೊಟ್ಟಳು. "ನಾನು ಕರೆದ್ರೆ ಓ ಅನ್ನಿ. ನೀವು ಕರೆದಾಗ ನಾನು ಓ ಅನ್ನದಿದ್ರೆ ಎಳೀರಿ. ಇಳಿದು ಬರಬೇಡಿ. ಯಾರೇ ಬಿದ್ದಿದ್ರೂ ಇಳಿಯೋ ಹಾಗಿಲ್ಲ. ಬಿದ್ದವರ ಹಿಂದೆ ಹೋದವರೇ ಮೊದಲು ಹೋಗೋದು."

ಬೆಳಿಗ್ಗೆಯಿಂದ ಫ್ಯಾನು ಓಡಿದೆ, ಗಾಳಿ ಬಹುಮಟ್ಟಿಗೆ ತಿಳಿಯಾಗಿದೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಹಗ್ಗ ಕಟ್ಟಿಕೊಂಡೇ ಇಳಿದಳು, ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ನೋಡಿಕೊಂಡಳು. ಕೊಲೆಯತ್ನದ ಅನುಮಾನ ತಲೆಯ ಮೇಲೆ ತೂಗುತ್ತಿರುವ ಹೆಂಗಸು ಯಾರ ಕಣ್ಣಿಗೂ ಒಳ್ಳೆಯವಳಾಗಿ ಕಾಣಿಸಿಕೊಳ್ಳುವ ಗೊಡವೆಗೇ ಹೋಗದೆ, ಕೆಲಸವನ್ನು ಕೆಲಸದಂತೆ ಮಾಡುತ್ತಿದ್ದಳು. ಪತ್ತೇದಾರನಿಗೆ ಅವಳ ಮೇಲೆ ಗೌರವ ಉಕ್ಕಿಬಂತು. ಉಕ್ಕಿದ್ದನ್ನು ಅದುಮಿಕೊಳ್ಳಲೂ ಇಲ್ಲ.

ಮುಚ್ಚಳವಿಲ್ಲದ ಪೀಪಾಯಿಯೊಳಗೆ ಅರ್ಧದಷ್ಟು ಮಸುಕು ನೀರು. ಹುಳಿಯಕ್ಕ ಜೇಬಿನಿಂದ ಬಣ್ಣದ ಕಾಗದದ ಪಟ್ಟಿ ತೆಗೆದು ಅದ್ದಿ, ಬೆಳಕಿಗೆ ಹಿಡಿದಳು.

"ಹುಳಿಯೂ ಅಲ್ಲ, ಸೋಡಾನೂ ಅಲ್ಲ. ಎರಡೂ ಒಂದನ್ನೊಂದು ತಿಂದು ಮುಗಿಸಿವೆ." ಮೇಲೆ ಬಂದು ಮೊದಲು ಹೊರಗಿನ ನಲ್ಲಿಯಲ್ಲಿ ಕೈಗವಸು ತೊಳೆದಳು, ಆಮೇಲೆ ಹೇಳಿದಳು. "ನಮ್ಮ ಮಿಠಾಯಿ ನಾಲಿಗೆ ಮೇಲೆ ಚುಮುಗುಡೋದು ಹೇಗೆ? ಈ ಹುಳಿ, ಜೊತೆಗೆ ಅಡುಗೆ ಸೋಡಾ. ಒಣಗಿದ್ದಾಗ ಎರಡೂ ಅಕ್ಕಪಕ್ಕ ಸಾಧುವಾಗಿ ಇರ್ತಾವೆ. ನೀರು ಬಿತ್ತೋ, ನೊರೆ ಏಳುತ್ತೆ, ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ, ತಣ್ಣಗಾಗುತ್ತೆ. ಮಿಠಾಯಿಯಲ್ಲಿ ಚಿಟಿಕೆ ಪುಡಿ, ಒಂದು ಗುಟುಕು ಗಾಳಿ, ಮಕ್ಕಳಿಗೆ ಕಚಗುಳಿ. ಪೀಪಾಯಿಗೆ ಎರಡೂ ಚೀಲಗಟ್ಟಲೆ ಸುರಿದು ನೀರು ಹುಯ್ದರೆ?"

"ಹಳ್ಳ ತುಂಬುತ್ತೆ" ಎಂದ ಪತ್ತೇದಾರ, ಮೆಲ್ಲಗೆ.

"ತುಂಬುತ್ತೆ. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ. ಕಣ್ಣಿಗೆ ಕಾಣಲ್ಲ. ಇಳಿದವರು ಎರಡು ಉಸಿರಿಗೆ ಕುಸೀತಾರೆ."

ಇನ್ಸ್‌ಪೆಕ್ಟರ್ ಕರವಸ್ತ್ರ ಕೆಳಗಿಳಿಸಿದ. "ಹಾಗಾದ್ರೆ ಆ ಹರಿದ ಚೀಲ?"

"ನಿಮಗೋಸ್ಕರ, ಸಾರ್" ಎಂದಳು ಅತ್ತಿಗೆ. "ನೀವು ಬಂದು ಧೂಳು ಧೂಳು ಅಂತ ಹೇಳ್ಲಿ ಅಂತ."

ಅಲ್ಲಿಗೆ ಇದು ಅಜಾಗರೂಕತೆಯ ಕೇಸಾಗಿ ಉಳಿಯಲಿಲ್ಲ. ಯಾರೋ ಯೋಚಿಸಿ, ಅಳೆದು, ಯಜಮಾನರಿಗಾಗಿ ಹಳ್ಳದಲ್ಲಿ ಸಾವು ತುಂಬಿಟ್ಟಿದ್ದರು.

"ಸೋಡಾ ಎಲ್ಲಿರುತ್ತೆ?" ಎಂದು ಪತ್ತೇದಾರ ಕೇಳಿದ.

"ಅಂಗಳದ ಆಚೆ, ಬೇರೆ ಕಟ್ಟಡದಲ್ಲಿ. ಎರಡನ್ನೂ ಒಂದೇ ಸೂರಿನ ಕೆಳಗೆ ಇಡಬಾರದು ಅನ್ನೋದು ನನ್ನದೇ ನಿಯಮ. ಅಲ್ಲಿಯ ಉಸ್ತುವಾರಿ ನನ್ನ ತಮ್ಮಂದು."

ತಮ್ಮನನ್ನು ಕಾರ್ಖಾನೆಯವರು ಕರೆಯುತ್ತಿದ್ದದ್ದೇ ಸೋಡಾ ಎಂದು. ಅಕ್ಕ ಹುಳಿ, ತಮ್ಮ ಸೋಡಾ, ಇಬ್ಬರನ್ನೂ ಒಟ್ಟಿಗೆ ಬಿಟ್ಟರೆ ನೊರೆ ಎಂದು ಊಟದ ಹೊತ್ತಿನ ತಮಾಷೆ. ತಂದೆತಾಯಿ ಬೇಗ ಹೋದದ್ದರಿಂದ ಅವನಿಗೆ ಎಣ್ಣೆ ಹಚ್ಚಿ ತಲೆ ಬಾಚಿದ್ದರಿಂದ ಹಿಡಿದು ಕೆಲಸ ಕಲಿಸುವವರೆಗೆ ಎಲ್ಲ ಅಕ್ಕನೇ. ಬೆಳಿಗ್ಗೆ ಯಜಮಾನರ ಜೊತೆ ಆಂಬುಲೆನ್ಸ್ ಹತ್ತಿದವನು ಆಸ್ಪತ್ರೆಯ ಹಾಸಿಗೆಯ ಪಕ್ಕ ಬಿಟ್ಟು ಏಳಲಿಲ್ಲವಂತೆ, ಒಂದು ತೊಟ್ಟು ಕಾಫಿಯನ್ನೂ ಮುಟ್ಟಲಿಲ್ಲವಂತೆ. ಅವನನ್ನು ನೋಡಿದ ನರ್ಸುಗಳೂ ಹೊಗಳಿದ್ದರು.

"ಅವನ ಮೇಲೆ ಹೋದ ವಾರ ದೂರು ಹೋಗಿತ್ತಂತಲ್ಲ?" ಎಂದ ಇನ್ಸ್‌ಪೆಕ್ಟರ್.

"ಕೊಟ್ಟವಳೇ ನಾನು" ಎಂದಳು ಹುಳಿಯಕ್ಕ, ತಡವರಿಸದೆ. "ಒದ್ದೆ ಸೌಟನ್ನ ಪುಡಿ ಡಬ್ಬಕ್ಕೆ ಅದ್ದಿದ್ದ. ಒಂದು ಸಲ ಅಲ್ಲ. ಹೇಳಿದೆ, ಬೈದೆ, ಕೇಳಲಿಲ್ಲ. ತಮ್ಮ ಅಂತ ಬಿಟ್ಟಿದ್ರೆ ನಾಳೆ ಬೇರೆ ಯಾರದೋ ಮನೆಯವರು ಅಳ್ತಿದ್ರು. ಯಜಮಾನರು ಅವನಿಗೆ ತಿಂಗಳ ಕೊನೆಗೆ ಕೆಲಸ ಬಿಟ್ಟುಬಿಡು ಅಂದ್ರು. ನನ್ನ ಹತ್ರ ಅವನು ಮಾತು ಬಿಟ್ಟಿದ್ದಾನೆ. ಸರಿಹೋಗ್ತಾನೆ."

ಕೊನೆಯ ಮಾತನ್ನು ಅವಳು ಬೇರೆ ಯಾರಿಗೋ ಹೇಳಿದಂತಿತ್ತು.

ಪತ್ತೇದಾರ ಹೊಸ್ತಿಲಿಗೆ ಬಂದು ನಿಂತ. ಅವನಿಗೆ ಒಂದು ವಿಷಯ ಬಗೆಹರಿದಿರಲಿಲ್ಲ. "ಅಕ್ಕ, ಫ್ಯಾನು ಹಳ್ಳದ ಪಕ್ಕದಲ್ಲೇ ಇದೆ. ಯಜಮಾನರು ಒಳಗೆ ಬರೋವಾಗ ಅದನ್ನ ಹಾಕಿಲ್ವಾ?"

"ಹಾಕದೆ ಅವರು ಕಾಲಿಡೋದಿಲ್ಲ. ಈ ನಿಯಮ ಎಲ್ಲ ಅವರಿಗೆ ಬಾಯಿಪಾಠ."

"ಹಾಗಿದ್ರೆ ಬಿದ್ದ ಮೇಲೂ ಫ್ಯಾನು ಗಾಳಿ ಎಳೀತಾ ಇರಬೇಕಿತ್ತು. ಕೆಲವೇ ನಿಮಿಷದಲ್ಲಿ ಅವರಿಗೆ ಎಚ್ಚರ ಆಗಬೇಕಿತ್ತು. ಹಮಾಲರು ಬಂದಾಗ ಫ್ಯಾನು ನಿಂತಿತ್ತು, ಬಾಗಿಲು ಹಾಕಿತ್ತು ಅಂತಾರೆ. ಫ್ಯಾನು ಆರಿಸಿ ಬಾಗಿಲು ಹಾಕಿದ್ದು ಯಾರು?"

ಹುಳಿಯಕ್ಕನ ಕಣ್ಣು ಬಾಗಿಲ ಹಿಡಿಕೆಯ ಮೇಲೆ, ಅದರ ಪಕ್ಕದ ಸ್ವಿಚ್ಚಿನ ಮೇಲೆ ಹೋಗಿ ನಿಂತಿತು.

"ನಾನು" ಎಂದಳು.

ಇನ್ಸ್‌ಪೆಕ್ಟರ್ ನೆಟ್ಟಗಾದ.

"ಬೆಳಿಗ್ಗೆ ಈ ಕಡೆಯಿಂದ ಹೋಗ್ತಾ ಇದ್ದೆ. ಬಾಗಿಲು ಅರ್ಧ ತೆರೆದಿತ್ತು, ಫ್ಯಾನು ಓಡ್ತಾ ಇತ್ತು. ಹೊರಗಿನ ತೇವ ಒಳಗೆ ಹೋದ್ರೆ ಪುಡಿ ಎಲ್ಲ ಗಡ್ಡೆ ಕಟ್ಟುತ್ತೆ. ತೆರೆದ ಬಾಗಿಲು ಕಂಡ್ರೆ ಇಲ್ಲಿ ಯಾರಾದ್ರೂ ಸರಿ ಮುಚ್ಚಲೇಬೇಕು. ನಾನೇ ಕಲಿಸಿದ್ದು. ಒಂದು ಕೈಯಲ್ಲಿ ಬಾಗಿಲು, ಇನ್ನೊಂದು ಕೈಯಲ್ಲಿ ಸ್ವಿಚ್ಚು. ನಿಂತು ನೋಡಲೂ ಇಲ್ಲ."

"ಒಳಗೆ ಯಾರಾದ್ರೂ ಇರಬಹುದು ಅಂತ ಅನ್ನಿಸಲಿಲ್ವಾ?"

"ಅದಕ್ಕೇ ಗೂಟ ಇರೋದು, ಸರ್!" ಅವಳ ದನಿ ಏರಿತು. ಬಾಗಿಲ ಹೊರಗಿನ ಗೋಡೆಯಲ್ಲಿ ಸಾಲಾಗಿ ಗೂಟಗಳಿದ್ದವು, ಒಂದೊಂದರಲ್ಲೂ ಒಂದೊಂದು ಏಪ್ರನ್. "ಒಬ್ಬೊಬ್ಬರಿಗೆ ಒಂದು ಗೂಟ. ಒಳಗೆ ಹೋಗೋರು ತಮ್ಮದನ್ನ ತೆಗೆದು ಹಾಕ್ಕೊಂಡೇ ಹೋಗಬೇಕು. ಗೂಟ ಖಾಲಿ ಇದ್ರೆ ಆ ಮನುಷ್ಯ ಒಳಗಿದ್ದಾನೆ ಅಂತ ಅರ್ಥ. ನಾನು ನೋಡಿದೆ. ನೋಡದೆ ನಾನು ಯಾವತ್ತೂ ಬಾಗಿಲು ಹಾಕಿದವಳಲ್ಲ. ಎಲ್ಲಾ ಗೂಟನೂ ತುಂಬಿತ್ತು."

"ಯಜಮಾನರದ್ದೂ?"

"ಮೊದಲನೇ ಗೂಟ ಅವರದ್ದು. ಏಪ್ರನ್ ಇತ್ತು. ಈಗಲೂ ಇದೆಯಲ್ಲ, ನೋಡಿ."

ಇತ್ತು. ಎಲ್ಲರೂ ಬೆಳಿಗ್ಗೆಯಿಂದ ಅದರ ಮುಂದೆಯೇ ಓಡಾಡಿದ್ದರು.

"ಇನ್ಸ್‌ಪೆಕ್ಟರ್ ಸಾಹೇಬ್ರೇ," ಎಂದ ಪತ್ತೇದಾರ, "ಆಸ್ಪತ್ರೆಯಲ್ಲಿ ಯಜಮಾನರ ಮೈಮೇಲಿಂದ ಏನೇನು ಬಿಚ್ಚಿದ್ರು?"

"ಅಂಗಿ, ಪ್ಯಾಂಟು, ವಾಚು…" ಇನ್ಸ್‌ಪೆಕ್ಟರ್ ತಡೆದ. "ಏಪ್ರನ್ನು."

ಯಜಮಾನರು ತಮ್ಮ ಏಪ್ರನ್ ಹಾಕಿಕೊಂಡೇ ಒಳಗೆ ಹೋಗಿದ್ದರು. ಅವರ ಬೆನ್ನ ಹಿಂದೆ ಖಾಲಿಯಾದ ಗೂಟಕ್ಕೆ ಯಾರೋ ಇನ್ನೊಂದನ್ನು ನೇತುಹಾಕಿದ್ದರು. ಹಾಕಿದವನಿಗೆ ಇಷ್ಟು ಗೊತ್ತಿತ್ತು: ಹುಳಿಯಕ್ಕ ಆ ದಾರಿಯಲ್ಲಿ ಬರುತ್ತಾಳೆ, ಗೂಟಗಳನ್ನು ನೋಡುತ್ತಾಳೆ, ಬಾಗಿಲು ಮುಚ್ಚಿ ಫ್ಯಾನು ಆರಿಸುತ್ತಾಳೆ. ಅವಳು ಮರೆಯುವವಳಲ್ಲ ಎಂಬ ಭರವಸೆಯ ಮೇಲೆಯೇ ಅವನು ಇಡೀ ಕೆಲಸವನ್ನು ಕಟ್ಟಿದ್ದ. ಬೇರೆ ಯಾರೋ ಸೋಮಾರಿಯ ಕೋಣೆಯಾಗಿದ್ದರೆ ಯಜಮಾನರು ಕೆಮ್ಮುತ್ತಾ ಎದ್ದು ಬಂದಿರುತ್ತಿದ್ದರು.

ಒಬ್ಬಳ ಒಳ್ಳೆಯ ಗುಣವನ್ನೇ ಆಯುಧ ಮಾಡಿಕೊಂಡವನ ಮೇಲೆ ಪತ್ತೇದಾರನಿಗೆ ಬಂದಷ್ಟು ಸಿಟ್ಟು, ಚಾಕು ಹಿಡಿದವರ ಮೇಲೂ ಎಂದೂ ಬಂದಿರಲಿಲ್ಲ.

ಅತ್ತಿಗೆ ಆಗಲೇ ಏಪ್ರನ್ನನ್ನು ಗೂಟದಿಂದ ಇಳಿಸಿ ತೊಡೆಯ ಮೇಲೆ ಹರಡಿಕೊಂಡು ಹೊಸ್ತಿಲ ಪಕ್ಕದಲ್ಲಿ ಕುಳಿತಿದ್ದಳು. ಬಟ್ಟೆ ಕೈಗೆ ಬಂದರೆ ಅವಳು ಬೇರೆಯೇ ಹೆಂಗಸು, ಬಾಯಿ ಕೂಡ ಸುಮ್ಮನಿರುತ್ತದೆ. ಅಂಚು ನೋಡಿದಳು, ಜೇಬು ನೋಡಿದಳು, ಕೊನೆಗೆ ಕುತ್ತಿಗೆಯ ಹಿಂದೆ ಗೂಟಕ್ಕೆ ಸಿಕ್ಕಿಸುವ ಕುಣಿಕೆಯ ಹತ್ತಿರ ಬೆರಳು ನಿಲ್ಲಿಸಿದಳು.

"ಇದು ಹಳೇದು. ಒಗೆದು ಒಗೆದು ಮೆತ್ತಗಾಗಿದೆ. ಮಿಕ್ಕ ಹೊಲಿಗೆ ಎಲ್ಲ ಮೆಷಿನ್ನಿಂದು. ಈ ಕುಣಿಕೆ ಮಾತ್ರ ಕಿತ್ತುಹೋಗಿ ಮತ್ತೆ ಕೈಯಲ್ಲಿ ಹಾಕಿದ್ದು. ಒಂದರ ಮೇಲೊಂದು ಎರಡು ಸಲ ಹಾಕಿದ್ದಾರೆ. ಗೂಟದಿಂದ ಜಗ್ಗಿ ಎಳೆಯೋ ಅಭ್ಯಾಸ ಇರೋರಿಗೆ ಹಾಕಿಕೊಟ್ಟ ಹಾಗಿದೆ." ಬಟ್ಟೆಯನ್ನು ಬೆಳಕಿಗೆ ಹಿಡಿದಳು. "ದಾರ ಬಲದಿಂದ ಎಡಕ್ಕೆ ಹೋಗಿಲ್ಲ, ಎಡದಿಂದ ಬಲಕ್ಕೆ ಹೋಗಿದೆ. ಎಡಗೈಯವರ ಹೊಲಿಗೆ."

ಹೇಳಿ ಮುಗಿಸಿದ ಮೇಲೆ ತಲೆಯೆತ್ತಿದಳು. ಹುಳಿಯಕ್ಕನ ಎಡಗೈಯಲ್ಲಿ ಇನ್ನೂ ಟಾರ್ಚಿತ್ತು. ಬೆಂಕಿಪೊಟ್ಟಣ ಕಿತ್ತುಕೊಂಡದ್ದೂ ಅದೇ ಕೈ, ಪಟ್ಟಿ ಅದ್ದಿದ್ದೂ ಅದೇ ಕೈ.

ಹುಳಿಯಕ್ಕ ಆ ಕುಣಿಕೆಯನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಕ್ಕ," ಎಂದ ಪತ್ತೇದಾರ. ದನಿ ತಗ್ಗಿಸಿದ. "ಇದನ್ನ ನೀವು ಯಾರಿಗೆ ಹೊಲಿದುಕೊಟ್ಟಿದ್ದು?"

ಅವಳು ಟಾರ್ಚು ಆರಿಸಿದಳು.

"ಸೋಡಾ ಕಟ್ಟಡಕ್ಕೆ ಹೋಗೋಕೆ ಮೊದಲು ನಿಮ್ಮ ಕೈಕೆಳಗೆ ಇದೇ ಕೋಣೆಯಲ್ಲಿ ಯಾರು ಕೆಲಸ ಕಲಿತಿದ್ರು?"

"ಯಾರಿಗೂ ಕೊಟ್ಟಿಲ್ಲ" ಎಂದಳು. ಮೊದಲು ಮೆಲ್ಲಗೆ, ಆಮೇಲೆ ಇನ್ಸ್‌ಪೆಕ್ಟರನಿಗೂ ಕೇಳುವಂತೆ. "ನಂದೇ ಅದು. ಗೂಟಕ್ಕೆ ಹಾಕಿದ್ದೂ ನಾನೇ."

"ಸುಳ್ಳು!" ಎಂದಳು ಅತ್ತಿಗೆ.

"ನೀವು ಸುಮ್ಮನಿರಿ ತಾಯಿ, ಅವರು ಹೇಳಲಿ" ಎಂದು ಇನ್ಸ್‌ಪೆಕ್ಟರ್ ಹೊಸ್ತಿಲು ದಾಟಿಯೇ ಬಂದ. ಈಗ ಅವನಿಗೆ ಸೀ​ನಿನ ನೆನಪೂ ಇರಲಿಲ್ಲ.

ಪತ್ತೇದಾರ ಅವಳ ಕಣ್ಣಲ್ಲಿ ಕಣ್ಣಿಟ್ಟ. ಈ ಮಾತನ್ನು ಮುರಿಯಬೇಕು, ಈಗಲೇ ಮುರಿಯಬೇಕು. "ಸೋಡಾ ಚೀಲ ಅಂಗಳ ದಾಟಿ ಹೇಗೆ ತಂದಿರಿ?"

"ತಳ್ಳುಗಾಡಿಯಲ್ಲಿ. ಹುಳಿ ಚೀಲದ ಕೆಳಗಿಟ್ಟು. ನನ್ನ ಗಾಡಿಯನ್ನ ಯಾರೂ ತಡೆಯಲ್ಲ."

"ನೀರು?"

"ಕೈ ತೊಳೆಯೋ ನಲ್ಲಿಯಿಂದ ಪೈಪು."

"ನೊರೆ ಉಕ್ಕಿ ಆಚೆ ಬರಲಿಲ್ವಾ?"

"ಒಂದೇ ಸಲ ಹುಯ್ದರೆ ಬರುತ್ತೆ. ಸ್ವಲ್ಪ ಸ್ವಲ್ಪ ಹುಯ್ದೆ. ಫ್ಯಾನು ಆರಿಸಿಟ್ಟಿದ್ದೆ, ಬಾಗಿಲ ಹತ್ತಿರ ನಿಂತಿದ್ದೆ. ಆಮೇಲೆ ಹಳ್ಳಕ್ಕೆ ಇಳೀಲಿಲ್ಲ."

"ನೀವೇ ಮಾಡಿದ್ರೆ ಆ ನೀರಿನ ಗುರುತನ್ನ ನಮಗೆ ಯಾಕೆ ತೋರಿಸಿದ್ರಿ?"

"ಧೂಳಿಂದ ಅಂತ ಬರ್ಕೊಂಡ್ರೆ ನನ್ನ ಕೋಣೆ ಸರಿ ಇಲ್ಲ ಅಂತ ಆಗ್ತಿತ್ತು. ಆ ಮಾತು ನನಗೆ ಬೇಡ. ಕೊಲೆಗಾರ್ತಿ ಅನ್ನಿ, ಗಲೀಜು ಅನ್ನಬೇಡಿ."

ಇನ್ಸ್‌ಪೆಕ್ಟರನ ಮುಖ ಅರಳಿತು. ಅವಳನ್ನು ಬಲ್ಲ ಯಾರೇ ಆದರೂ ಈ ಮಾತನ್ನು ನಂಬುತ್ತಿದ್ದರು. ಪತ್ತೇದಾರನಿಗೆ ದಿಕ್ಕು ತೋಚಲಿಲ್ಲ. ಇದು ಅವಳು ಮಾಡಿದ್ದಲ್ಲ ಎಂಬುದು ಅವನಿಗೆ ಹಗಲಿನಷ್ಟು ಸ್ಪಷ್ಟ. ಆದರೆ ಹೇಗೆ ಮಾಡಬಹುದಿತ್ತು ಎಂಬುದನ್ನು ಅವಳಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇಲ್ಲ. ಅವನು ಕೇಳಿದ ಒಂದೊಂದು ಪ್ರಶ್ನೆಗೂ ಅವಳು ನಿಂತಲ್ಲೇ ಒಂದೊಂದು ಇಟ್ಟಿಗೆ ಇಟ್ಟು ತನ್ನ ಸುತ್ತ ತಾನೇ ಗೋಡೆ ಕಟ್ಟಿಕೊಂಡಿದ್ದಳು. ಒಂದು ಬಿರುಕೂ ಇರಲಿಲ್ಲ. ಸುಳ್ಳನ್ನೂ ಇಷ್ಟು ಅಚ್ಚುಕಟ್ಟಾಗಿ ಹೇಳುವ ಹೆಂಗಸನ್ನು ಅವನು ನೋಡಿಯೇ ಇರಲಿಲ್ಲ.

ಅವಳ ಪಕ್ಕಕ್ಕೆ ಸರಿದು, ಅವಳಿಗೆ ಮಾತ್ರ ಕೇಳುವಂತೆ ಹೇಳಿದ: "ಅಕ್ಕ, ಅವನು ನಿಮ್ಮ ಕೈಯಿಂದಲೇ ಬಾಗಿಲು ಹಾಕಿಸಿದ್ದಾನೆ. ಯಜಮಾನರ ಮೇಲಿನ ಸಿಟ್ಟು ಮಾತ್ರ ಅಲ್ಲ ಇದು. ಅವನು ನಿಮ್ಮನ್ನೂ ಮುಗಿಸೋಕೆ ನೋಡಿದ್ದಾನೆ."

"ಅವನ ಅನ್ನ ಕಿತ್ಕೊಂಡವಳು ನಾನು" ಎಂದಳು, ಅಷ್ಟೇ ಮೆಲ್ಲಗೆ. "ಯಜಮಾನರು ಬದುಕಿದ್ದಾರಲ್ಲ. ಎದ್ದು ಕೂರಲಿ. ಅವರ ಕಾಲು ಹಿಡ್ಕೋತೀನಿ. ದೊಡ್ಡ ಮನಸ್ಸಿನವರು, ಕೇಸು ಬೇಡ ಅಂತಾರೆ. ಆಮೇಲೆ ಅವನನ್ನ ಎಲ್ಲಾದ್ರೂ ದೂರ ಕಳಿಸ್ತೀನಿ. ಅಲ್ಲೀವರೆಗೆ ನೀವು ಸುಮ್ಮನಿರಿ, ನಿಮಗೆ ಕೈ ಮುಗೀತೀನಿ."

ಆಗ ಹೊರಗಿನ ತಟ್ಟೆಯಲ್ಲಿದ್ದ ಫೋನೊಂದು ಗುಂಯ್‌ಗುಟ್ಟಿತು. ಅದು ಹುಳಿಯಕ್ಕನದು. ಇನ್ಸ್‌ಪೆಕ್ಟರ್ ಹೊರಗೆ ಹೋಗಿ ನೋಡಿ, "ತಮ್ಮ ಅಂತ ಇದೆ" ಎಂದ. ಎಲ್ಲರನ್ನೂ ಹೊರಗೆ ಕರೆದು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ, ಮಾತಾಡು ಎಂದು ಅವಳಿಗೆ ಕೈಸನ್ನೆ ಮಾಡಿದ.

"ಹೇಳೋ" ಎಂದಳು ಹುಳಿಯಕ್ಕ.

"ಅಕ್ಕಾ…" ಆ ಕಡೆ ಅಳುವಿನ ದನಿ. "ಯಜಮಾನ್ರು ಹೋಗ್ಬಿಟ್ರು ಅಕ್ಕಾ. ಈಗ ತಾನೇ. ಇಷ್ಟು ಹೊತ್ತೂ ಚೆನ್ನಾಗೇ ಇದ್ರು. ಕಣ್ಣು ಬಿಟ್ರು. ನೀರು ಕೇಳಿದ್ರು, ಕೊಟ್ಟೆ…"

ಅತ್ತಿಗೆಯ ಕೈಯಿಂದ ಏಪ್ರನ್ ಜಾರಿತು.

"ಹತ್ತಿರ ಯಾರಿದ್ರು?" ಎಂದಳು ಹುಳಿಯಕ್ಕ.

"ಯಾರೂ ಇಲ್ಲ. ನಾನೊಬ್ಬನೇ. ನರ್ಸು ಆಚೆ ಹೋಗಿದ್ಲು." ಅಳು ನಿಂತಿತು. ಮುಂದಿನ ಮಾತು ಒಣದನಿಯಲ್ಲಿ ಬಂತು. "ಅಕ್ಕ, ಆ ಪತ್ತೇದಾರ ಬಂದಿದ್ನಂತಲ್ಲ. ಏನಾದ್ರೂ ಕೇಳಿದ್ನಾ?"

ಪತ್ತೇದಾರ ಅವಳ ಮುಖ ನೋಡಿದ. ಈಗ ಒಂದು ಮಾತು ಸಾಕಿತ್ತು. ಕ್ಷಮಿಸಬಹುದಾಗಿದ್ದವರು ಹೋಗಿಯಾಗಿತ್ತು, ಕಾಲು ಹಿಡಿಯಲು ಇನ್ನು ಯಾರೂ ಉಳಿದಿರಲಿಲ್ಲ. ಹಾಸಿಗೆಯ ಪಕ್ಕದಲ್ಲಿ ಏನು ನಡೆದಿರಬಹುದು ಎಂಬುದು ಅವಳಿಗೆ ಅವನಿಗಿಂತ ಮೊದಲೇ ಹೊಳೆದಿತ್ತು. ಹತ್ತಿರ ಯಾರಿದ್ದರು ಎಂದು ಅವಳು ಕೇಳಿದ್ದರಲ್ಲೇ ಅದು ಗೊತ್ತಾಗಿತ್ತು. ಹೇಳು ತಾಯಿ ಎಂದು ಅವನು ಮನಸ್ಸಿನಲ್ಲೇ ಅಂಗಲಾಚಿದ.

"ಕೇಳಿದ್ರು" ಎಂದಳು ಹುಳಿಯಕ್ಕ ಫೋನಿಗೆ. "ಎಲ್ಲಾ ನಾನು ಹೇಳಿದ್ದೀನಿ. ನೀನು ಬೆಳಿಗ್ಗೆಯಿಂದ ಏನೂ ತಿಂದಿಲ್ವಂತೆ. ಮೊದಲು ಹೋಗಿ ಊಟ ಮಾಡು."

ಫೋನು ಆರಿತು. ಅವಳು ಕೈಗವಸುಗಳನ್ನು ಒಂದೊಂದಾಗಿ ಕಳಚಿ, ಹೊರಮೈ ಒಳಗಾಗುವಂತೆ ಮಡಿಸಿಟ್ಟಳು. ಬರಿಗೈಗಳನ್ನು ಇನ್ಸ್‌ಪೆಕ್ಟರನ ಮುಂದೆ ಚಾಚಿದಳು.

"ಈಗ ಇದು ಕೊಲೆ ಕೇಸು. ಗೊತ್ತಲ್ಲ?" ಎಂದ ಇನ್ಸ್‌ಪೆಕ್ಟರ್.

"ಗೊತ್ತು" ಎಂದಳು ಹುಳಿಯಕ್ಕ.